ಚೌಡಿಕೆಯ ಚಿತ್ರ

ಮೂವತ್ನಾಲ್ಕು ವರ್ಷಗಳ ಕಾಲ ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಕನಾಗಿದ್ದೆ. ಪ್ರತಿ ವರ್ಷ ಜೂನ್ ತಿಂಗಳ ಮೊದಲ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಒಂದೇ ವಾಕ್ಯವನ್ನು ಬರೆಯುತ್ತಿದ್ದೆ: "ಗೊತ್ತಿದೆ ಎಂದು ಬರೆಯಬೇಡ, ಕಂಡದ್ದನ್ನು ಬರೆ." ಮಕ್ಕಳು ಕೊಡದ ಬಾಯಿಯನ್ನು ಪೂರ್ಣ ವೃತ್ತವಾಗಿ ಬರೆಯುತ್ತಾರೆ, ಏಕೆಂದರೆ ಅದು ದುಂಡಗಿದೆಯೆಂದು ಅವರಿಗೆ ಗೊತ್ತು. ಕಣ್ಣಿಗೆ ಕಾಣುವುದು ಮಾತ್ರ ಚಪ್ಪಟೆಯಾದ ಅಂಡಾಕಾರ. ಬುದ್ಧಿ ಹೇಳುವುದನ್ನು ಬದಿಗಿಟ್ಟು ಕಣ್ಣು ಹೇಳುವುದನ್ನು ಕೈಗೆ ಒಪ್ಪಿಸುವುದೇ ರೇಖಾಚಿತ್ರದ ಮೊದಲ ಪಾಠ. ಇಷ್ಟು ವರ್ಷ ಬೋಧಿಸಿದ ಈ ಪಾಠವನ್ನು ನಾನೇ ಕಲಿತಿರಲಿಲ್ಲವೆಂಬುದು ಕಳೆದ ಬೇಸಿಗೆಯಲ್ಲಿ ನನಗೆ ಮನವರಿಕೆಯಾಯಿತು. ಆ ಪ್ರಸಂಗವನ್ನು ಓದುಗರ ಮುಂದೆ ಇಡುವುದು ಈ ಬರಹದ ಉದ್ದೇಶ.

ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು ರಜೆಗೆಂದು ನಮ್ಮಲ್ಲಿಗೆ ಬಂದಿದ್ದಳು. "ನಮ್ಮ ಭಾಗದ ಅಪರೂಪದ ಒಂದು ವಾದ್ಯ" ಎಂಬ ವಿಷಯದ ಮೇಲೆ ಚಿತ್ರಸಹಿತ ಪ್ರಬಂಧವನ್ನು ಸಿದ್ಧಪಡಿಸಿ ತರಬೇಕೆಂದು ಅವಳ ಶಾಲೆಯಲ್ಲಿ ಹೇಳಿದ್ದರು. ಅವಳು ಮೊಬೈಲಿನಲ್ಲಿ ಚಿತ್ರಗಳನ್ನು ಹುಡುಕತೊಡಗಿದಾಗ ನಾನು ತಡೆದೆ. "ಚೌಡಿಕೆಯ ಚಿತ್ರ ಬರೆ. ನಾನೇ ಬರೆದು ತೋರಿಸುತ್ತೇನೆ. ಚಿಕ್ಕಂದಿನಿಂದ ಕೇಳಿದ ವಾದ್ಯ" ಎಂದು ಪೆನ್ಸಿಲು ತೆಗೆದುಕೊಂಡೆ. ಐದು ನಿಮಿಷದಲ್ಲಿ ಚಿತ್ರ ಸಿದ್ಧವಾಯಿತು: ಒಂದು ಮರದ ಹೊಟ್ಟೆ, ಅದರ ಒಂದು ಬದಿಗೆ ಚರ್ಮ, ಪಕ್ಕದಲ್ಲಿ ಒಂದು ದಂಡಿಗೆ, ತುದಿಯಲ್ಲಿ ಬಿರಡೆ, ಬಿರಡೆಯಿಂದ ಇಳಿದು ಬಂದ ಒಂದು ತಂತಿ. ಅವಳು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು:

"ಅಜ್ಜ, ಈ ತಂತಿಯ ಕೆಳಗಿನ ತುದಿಯನ್ನು ಎಲ್ಲಿ ಕಟ್ಟಿರುತ್ತಾರೆ?"

ನಾನು ಅದನ್ನು ಹೊಟ್ಟೆಯ ಅಂಚಿಗೆ ತಂದು ಬಿಟ್ಟಿದ್ದೆ. ಅಲ್ಲಿ ಕಟ್ಟಿದರೆ ಚರ್ಮಕ್ಕೂ ತಂತಿಗೂ ಸಂಬಂಧವೇ ಇರುವುದಿಲ್ಲ. ಹಾಗಿದ್ದ ಮೇಲೆ ಚರ್ಮವಾದರೂ ಏತಕ್ಕೆ? ಉತ್ತರಿಸಲು ನನ್ನಿಂದಾಗಲಿಲ್ಲ. ಬಾಲ್ಯದುದ್ದಕ್ಕೂ ವಾರಕ್ಕೆ ಎರಡು ಬಾರಿ ಮನೆಯ ಬಾಗಿಲಿಗೆ ಬಂದ ವಾದ್ಯವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನೋಡದಿರುವುದಕ್ಕೆ ಕಾರಣವಿತ್ತು. ನಮ್ಮದು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರ ದಾರಿಯಲ್ಲಿತ್ತು. ಮಂಗಳವಾರ ಮತ್ತು ಶುಕ್ರವಾರಗಳಂದು ಬೆಳಗಿನ ಹೊತ್ತು ಓಣಿಯ ತುದಿಯಲ್ಲಿ ಚೌಡಿಕೆಯ ನಾದ ಕೇಳಿಸುತ್ತಿತ್ತು. ಹಣೆಯ ತುಂಬ ಭಂಡಾರ, ಕೊರಳಲ್ಲಿ ಕವಡೆಯ ಸರ, ಕೈಯಲ್ಲಿ ಪಡಲಿಗೆ. ಆಕೆಯನ್ನು ಎಲ್ಲರೂ ಜೋಗಮ್ಮ ಎಂದೇ ಕರೆಯುತ್ತಿದ್ದರು; ಬೇರೆ ಹೆಸರಿದೆಯೇ ಎಂದು ಯಾರೂ ಕೇಳಿದ್ದಿಲ್ಲ. ನಮ್ಮ ತಾಯಿ ಮರದಲ್ಲಿ ಜೋಳ ತಂದು, ಹೊಸ್ತಿಲ ಒಳಗೆ ನಿಂತುಕೊಂಡೇ ಪಡಲಿಗೆಗೆ ಸುರಿಯುತ್ತಿದ್ದಳು. ಮಕ್ಕಳಾದ ನಮ್ಮನ್ನು ಆ ಹೊತ್ತಿಗೆ ಒಳಗೆ ಕರೆಯುತ್ತಿದ್ದರು. ನಾವು ಪಡಸಾಲೆಯ ಕಿಟಕಿಯ ಸರಳುಗಳ ನಡುವಿನಿಂದ ಇಣುಕುತ್ತಿದ್ದೆವು. ಅಲ್ಲಿಂದ ಕಾಣುತ್ತಿದ್ದುದು ಆಕೆಯ ಕಂಕುಳ ಹಿಂದಿನ ದುಂಡನೆಯ ಚರ್ಮ ಮಾತ್ರ.

ನಮ್ಮ ಮನೆಯಲ್ಲಿ ಪ್ರತಿ ಸಂಜೆ ವಚನಗಳ ಪಠಣ ನಡೆಯುತ್ತಿತ್ತು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ತಂದೆಯವರು ನಮಗೆ ಬಿಡಿಸಿ ಹೇಳುತ್ತಿದ್ದರು. ಆದರೂ ಆಕೆ ನಮ್ಮ ಹೊಸ್ತಿಲನ್ನು ಎಂದೂ ದಾಟಲಿಲ್ಲ. ನಾವೂ ಕರೆಯಲಿಲ್ಲ, ಆಕೆಯೂ ಕೇಳಲಿಲ್ಲ. ಅದು ಯಾರಿಗೂ ಅನ್ಯಾಯವೆಂದು ತೋರಿರಲಿಲ್ಲ.

ಮೊಮ್ಮಗಳ ಪ್ರಶ್ನೆಯ ಬಳಿಕ ನಾವಿಬ್ಬರೂ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆವು. ಜೋಗಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಕೆಯ ತಂಗಿಯ ಮಗಳು ಊರಿನ ಕೆಳಗಿನ ಓಣಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕು ಸಾಗಿಸುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಚೌಡಿಕೆ ಗೋಡೆಯ ಗೂಟಕ್ಕೆ ಬಟ್ಟೆಯ ಚೀಲದಲ್ಲಿ ತೂಗುತ್ತಿತ್ತು. ಮೊಮ್ಮಗಳು ಮೊಬೈಲು ತೆಗೆದ ಕೂಡಲೇ ಆಕೆಯ ಮುಖ ಬಿಗಿಯಿತು.

"ಫೋಟೋ ಬ್ಯಾಡ್ರಿ. ಹಿಂದಕ ಒಬ್ಬರು ಹಿಡಕೊಂಡು ಹೋಗಿ, ಕೆಳಗ ಏನೇನೋ ಬರದು ಹಾಕಿದ್ರು. ನನ್ನ ಮಗಳು ಓದಿ ಅತ್ಲು. ಬೇಕಾದ್ರ ಕೈಲೆ ಬರಕೊಳ್ರಿ. ನಾ ಮುಂದ ಕುಂತಿರತೀನಿ."

ಹೀಗೆ ಆ ಚಿತ್ರವನ್ನು ಕೈಯಿಂದಲೇ ಬರೆಯಬೇಕಾಯಿತು. ಒಂದು ದಿನವೆಂದು ಹೊರಟದ್ದು ಮೂರು ಮಧ್ಯಾಹ್ನಗಳಾದವು. ಫೋಟೋ ಹಿಡಿಯುವವನು ಕ್ಷಣದಲ್ಲಿ ತನಗೆ ಬೇಕಾದದ್ದನ್ನು ಪಡೆದು ಹೊರಟುಹೋಗುತ್ತಾನೆ. ಚಿತ್ರ ಬರೆಯುವವನು ಗಂಟೆಗಟ್ಟಲೆ ಎದುರು ಕುಳಿತಿರಬೇಕು. ಅಷ್ಟು ಹೊತ್ತೂ ಅವನನ್ನೂ ಎದುರಿನವರು ನೋಡುತ್ತಿರುತ್ತಾರೆ. ಆಕೆ ನಮ್ಮನ್ನು ಚೆನ್ನಾಗಿಯೇ ನೋಡಿದಳು.

ಮೊದಲ ಮಧ್ಯಾಹ್ನ ಹೊರರೂಪ. ಮೊಮ್ಮಗಳಿಗೆ ಮೊದಲು ನಡುಗೆರೆಯನ್ನು ಎಳೆಯಲು ಹೇಳಿದೆ. ಆಮೇಲೆ ಅದರ ಎರಡೂ ಬದಿಗೆ ಸಮಾನ ಅಂತರದಲ್ಲಿ ಹೊಟ್ಟೆಯ ಗೆರೆಗಳು. ಬಾಯಿಯ ಅಂಡಾಕಾರದ ಎರಡು ತುದಿಗಳನ್ನು ಅವಳು ಮೀನಿನ ಬಾಲದಂತೆ ಚೂಪಾಗಿಸಿದಳು. ಎಲ್ಲ ಮಕ್ಕಳೂ ಹಾಗೆಯೇ ಮಾಡುತ್ತಾರೆ. ತುದಿಯೂ ದುಂಡಾಗಿಯೇ ತಿರುಗಬೇಕೆಂದು ತಿದ್ದಿದೆ. ವಾದ್ಯವನ್ನು ನೆಲದ ಮೇಲೆ ನಿಲ್ಲಿಸಿ ಮೇಲಿನಿಂದ ನೋಡುವಾಗ ಕೆಳಗಿನ ಅಂಚಿನ ವಕ್ರರೇಖೆ ಮೇಲಿನದಕ್ಕಿಂತ ಹೆಚ್ಚು ಬಾಗಿರುತ್ತದೆ. ಏಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಚರ್ಮವನ್ನು ಒಂದು ಬಳೆಗೆ ಸುತ್ತಿ, ನೂಲಿನ ಹುರಿಯಿಂದ ಹೊಟ್ಟೆಗೆ ಬಿಗಿದಿದ್ದರು. ಹುರಿ ಹಾದುಹೋಗುವ ತೂತುಗಳನ್ನು ಮೊಮ್ಮಗಳು ಅಂದಾಜಿನಿಂದ ಹತ್ತು ಬರೆದಳು. ಹೊಲಿಗೆಯಿಂದ ತಲೆಯೆತ್ತಿದ ಆಕೆ, "ಹನ್ನೆರಡದಾವು ತಂಗಿ. ಎರಡು ಬಿಟ್ರ ಚರ್ಮ ಸೊಟ್ಟ ಎಳೀತೈತಿ" ಎಂದಳು. ಎಣಿಸಿದೆವು. ಹನ್ನೆರಡೇ ಇದ್ದವು.

ಎರಡನೆಯ ಮಧ್ಯಾಹ್ನ ಒಳರೂಪ. ಆಕೆ ಚೌಡಿಕೆಯ ತೆರೆದ ಬಾಯಿಯನ್ನು ಬಾಗಿಲ ಬೆಳಕಿಗೆ ಹಿಡಿದು, "ಒಳಗ ನೋಡ್ರಿ" ಎಂದಳು. ಬಿರಡೆಯಿಂದ ಹೊರಟ ತಂತಿ ತೆರೆದ ಬಾಯಿಯ ಮೂಲಕ ಹೊಟ್ಟೆಯೊಳಗೆ ಇಳಿದು, ಹೊಟ್ಟೆಯ ಪೊಳ್ಳನ್ನು ಹಾದು, ಅಡಿಯ ಚರ್ಮದ ನಟ್ಟನಡುವೆ ಸೇರುತ್ತಿತ್ತು. ಚರ್ಮದ ನಡುವಣ ಸಣ್ಣ ತೂತಿನಿಂದ ಹೊರಬಂದ ತಂತಿಯನ್ನು ಒಂದು ತೊಗಲಿನ ಬಿಲ್ಲೆಗೆ ಗಂಟು ಹಾಕಿದ್ದರು. ಬಿಲ್ಲೆಯಿಲ್ಲದಿದ್ದರೆ ತಂತಿಯ ಸೆಳೆತಕ್ಕೆ ಚರ್ಮ ಹರಿದುಹೋಗುತ್ತದೆ. ಇದೇ ನನ್ನ ಮೊಮ್ಮಗಳ ಪ್ರಶ್ನೆಗೆ ಉತ್ತರ.

ಒಳಗಿನದನ್ನು ಬರೆಯಲು ವಾದ್ಯವನ್ನು ಉದ್ದಕ್ಕೆ ಸೀಳಿದಂತೆ ಕಲ್ಪಿಸಿಕೊಳ್ಳಬೇಕು. ಇದಕ್ಕೆ ಛೇದನಚಿತ್ರವೆನ್ನುತ್ತಾರೆ. ಸೀಳಿದ ಮರದ ದಪ್ಪವನ್ನು ಓರೆಗೆರೆಗಳಿಂದ ತುಂಬಬೇಕು. ಪೊಳ್ಳನ್ನು ಬಿಳಿಯಾಗಿಯೇ ಬಿಡಬೇಕು. ಮರದ ದಪ್ಪ ಒಂದೂವರೆ ಸೆಂಟಿಮೀಟರು, ಹೊಟ್ಟೆಯ ಎತ್ತರ ಇಪ್ಪತ್ತೇಳು, ತೆರೆದ ಬಾಯಿಯ ಅಗಲ ಹತ್ತೊಂಬತ್ತು, ಚರ್ಮದ ಬದಿಯ ಅಗಲ ಹದಿನೇಳು. ಬಿಳಿಯ ಪೊಳ್ಳಿನ ನಡುವೆ ಒಂದೇ ಒಂದು ನೇರ ಗೆರೆ: ತಂತಿ. ಆ ಗೆರೆ ಚರ್ಮದ ಗೆರೆಗೆ ಲಂಬವಾಗಿ ಬಂದು ಮುಟ್ಟಿದ್ದನ್ನು ಕಾಗದದ ಮೇಲೆ ಕಂಡಾಗಲೇ ಈ ವಾದ್ಯದ ಗುಟ್ಟು ನನಗೆ ತಿಳಿದದ್ದು.

ತಂಬೂರಿಯಲ್ಲಿ ತಂತಿ ಕುದುರೆಯ ಮೇಲೆ ಹಾದುಹೋಗುತ್ತದೆ. ಮೃದಂಗದಲ್ಲಿ ಕೈ ಚರ್ಮಕ್ಕೆ ಬಡಿಯುತ್ತದೆ. ಚೌಡಿಕೆಯಲ್ಲಿ ಕುದುರೆಯೂ ಇಲ್ಲ, ಬಡಿತವೂ ಇಲ್ಲ. ಮರದ ಕಡ್ಡಿಯಿಂದ ಮೀಟಿದ ತಂತಿ ಚರ್ಮವನ್ನು ನೇರವಾಗಿ ಹಿಡಿದೆಳೆದು ನುಡಿಸುತ್ತದೆ. ತಂತಿ ಬಲಕ್ಕೆ ಬಾಗಿದಾಗ ಒಮ್ಮೆ, ಎಡಕ್ಕೆ ಬಾಗಿದಾಗ ಇನ್ನೊಮ್ಮೆ ಅದರ ಬಿಗಿತ ಹೆಚ್ಚುತ್ತದೆ. ಅಂದರೆ ತಂತಿ ಒಂದು ಸಲ ತೂಗುವಷ್ಟರಲ್ಲಿ ಚರ್ಮ ಎರಡು ಸಲ ಸೆಳೆತಕ್ಕೊಳಗಾಗುತ್ತದೆ. ಈ ಸೆಳೆತದಿಂದ ಚರ್ಮದಲ್ಲಿ ಹುಟ್ಟುವ ಸ್ವರ ತಂತಿಯ ಸ್ವರಕ್ಕಿಂತ ಒಂದು ಸ್ಥಾಯಿ ಮೇಲಿನದಾಗಿರುತ್ತದೆ. ಸರ್ ಸಿ. ವಿ. ರಾಮನ್ ಅವರು ಇನ್ನೂ ಸರ್ಕಾರಿ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿದ್ದಾಗ, 1909ರಲ್ಲಿ, ಚೌಡಿಕೆಯ ಬಂಧುವಾದ ಏಕತಾರಿಯ ಕುರಿತು ಲೇಖನವೊಂದನ್ನು ಪ್ರಕಟಿಸಿದ್ದರು. ಭಿಕ್ಷುಕರ ಕೈಯ ವಾದ್ಯವೆಂದು ಲೋಕ ಕಡೆಗಣಿಸಿದ್ದರಲ್ಲಿ ಆ ತರುಣ ವಿಜ್ಞಾನಿಗೆ ಅಧ್ಯಯನಕ್ಕೆ ತಕ್ಕ ವಸ್ತು ಕಂಡಿತ್ತು.

ಪ್ರಬಂಧದಲ್ಲಿ "ವಾದ್ಯದ ವರ್ಗ" ಎಂಬ ಒಂದು ಅಂಕಣವಿತ್ತು. ಭರತಮುನಿಯ ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ತಂತಿಯದು, ಊದುವುದು, ಚರ್ಮ ಹೊದಿಸಿದ್ದು, ಗಟ್ಟಿ ಲೋಹದ್ದು. ಚೌಡಿಕೆ ಯಾವುದು? ತಂತಿ ಇರುವುದರಿಂದ ತತವೇ, ಚರ್ಮವಿರುವುದರಿಂದ ಅವನದ್ಧವೇ? ದೊಡ್ಡ ವಿದ್ವಾಂಸರಿಗೂ ಈ ತೊಡಕು ಎದುರಾಗಿದೆ. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಕುರ್ಟ್ ಸಾಕ್ಸ್ ಎಂಬ ಇಬ್ಬರು ಪಂಡಿತರು ಜಗತ್ತಿನ ವಾದ್ಯಗಳನ್ನೆಲ್ಲ ವರ್ಗೀಕರಿಸಿದಾಗ ಇಂಥ ವಾದ್ಯಗಳನ್ನು "ಮೀಟುವ ಡೋಲು"ಗಳೆಂದು ಕರೆದು ಚರ್ಮವಾದ್ಯಗಳ ಸಾಲಿನಲ್ಲಿ ಕೂರಿಸಿದರು. ಮುಂದೆ ಬಂದವರು, ಮೊದಲು ನಡುಗುವುದು ತಂತಿಯೇ ಆದ್ದರಿಂದ ಇವು ತಂತಿವಾದ್ಯಗಳೆಂದು ವಾದಿಸಿದರು. ನಾನು ಈ ಚರ್ಚೆಯನ್ನು ಆಕೆಯ ಮುಂದಿಟ್ಟೆ. ಆಕೆ ನಕ್ಕು, "ತಂತಿ ಹರದ್ರ ಚರ್ಮ ಮೂಕ. ಚರ್ಮ ಹರದ್ರ ತಂತಿ ಮೂಕ. ಬ್ಯಾರೆ ಮಾಡಿ ಏನ ಮಾಡತೀರಿ?" ಎಂದಳು. ಮೊಮ್ಮಗಳು ಆ ಅಂಕಣದಲ್ಲಿ ಎರಡೂ ಹೆಸರುಗಳನ್ನು ಬರೆದಳು.

ಮೂರನೆಯ ಮಧ್ಯಾಹ್ನ, ಹಿಡಿಯುವ ರೀತಿಯನ್ನು ಬರೆಯಬೇಕಿತ್ತು. ಆಕೆ ಚೌಡಿಕೆಯನ್ನು ಎಡ ಕಂಕುಳಲ್ಲಿ ಅವುಚಿಕೊಂಡಳು. ಚರ್ಮದ ಬದಿ ಹಿಂದಕ್ಕೆ, ತೆರೆದ ಬಾಯಿ ಮುಂದಕ್ಕೆ. ಎಡಗೈ ದಂಡಿಗೆಯ ಮೇಲೆ, ಬಲಗೈಯಲ್ಲಿ ಕಡ್ಡಿ. ಎಡಗೈ ಒತ್ತಡ ಹೆಚ್ಚಿಸಿದಂತೆ ಸ್ವರ ಏರಿ, ಸಡಿಲಿಸಿದಂತೆ ಇಳಿಯುತ್ತಿತ್ತು. ಬಾಲ್ಯದಲ್ಲಿ ನಾವು ಕಿಟಕಿಯಿಂದ ಕಂಡದ್ದು ಹಿಂಬದಿ ಮಾತ್ರ ಏಕೆಂಬುದು ಆಗ ಅರ್ಥವಾಯಿತು. ಎದುರಿಗೆ ನಿಂತು ಕೇಳಿದವರಿಗೆ ಮಾತ್ರ ತೆರೆದ ಬಾಯಿ ಕಾಣುತ್ತದೆ.

ಬರೆಯುತ್ತಿರುವಾಗ ಆಕೆ ತಾನಾಗಿಯೇ ಮಾತನಾಡಿದಳು. ಪರಶುರಾಮನು ಒಬ್ಬ ರಕ್ಕಸನನ್ನು ಕೊಂದು, ಅವನ ತಲೆಬುರುಡೆಯನ್ನು ಹೊಟ್ಟೆಯಾಗಿಯೂ ನರವನ್ನು ತಂತಿಯಾಗಿಯೂ ಮಾಡಿ, ತಾಯಿ ರೇಣುಕೆಯ ಸಂತೋಷಕ್ಕಾಗಿ ಮೊದಲ ಚೌಡಿಕೆಯನ್ನು ನುಡಿಸಿದನೆಂಬ ಕಥೆಯನ್ನು ಹೇಳಿದಳು. ಆಮೇಲೆ ತನ್ನ ದೊಡ್ಡಮ್ಮನ ಕಥೆಯನ್ನು ಹೇಳಿದಳು. ಎಂಟು ವರ್ಷದವಳಿದ್ದಾಗ ಗುಡ್ಡದಲ್ಲಿ ಆಕೆಗೆ ಮುತ್ತು ಕಟ್ಟಿದ್ದರಂತೆ. ಆ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ ಆದದ್ದು 1982ರಲ್ಲಿ. "ಕಾಯ್ದೆ ಬರೂಕಿಂತ ಮೊದಲ ಅಕಿ ನಮ್ಮ ಮನ್ಯಾಗ ಕಾಯ್ದೆ ಮಾಡಿದ್ಲು. ನನಗ ಕಟ್ಟಾಕ ಬಂದವರ ಮುಂದ ಬಾಗಲಾ ಹಾಕಿ ನಿಂತ್ಲು. 'ಹಾಡು ಕಲಸತೀನಿ, ಮುತ್ತು ಕಟ್ಟಗೊಡಾಂಗಿಲ್ಲ' ಅಂದ್ಲು."

ನನ್ನ ಪೆನ್ಸಿಲು ನಿಂತಿತು. ನಮ್ಮ ಬಾಗಿಲಲ್ಲಿ ಬೊಗಸೆ ಜೋಳಕ್ಕೆ ನಿಲ್ಲುತ್ತಿದ್ದ ಹೆಂಗಸು ತನ್ನ ಮನೆಯ ಬಾಗಿಲಲ್ಲಿ ಇಷ್ಟು ಗಟ್ಟಿಯಾಗಿ ನಿಂತಿದ್ದಳೆಂದು ನಮಗಾರಿಗೂ ತಿಳಿದಿರಲಿಲ್ಲ. ವಾದ್ಯದಂತೆಯೇ ಅವಳನ್ನೂ ನಾವು ಹಿಂಬದಿಯಿಂದ ಮಾತ್ರ ಕಂಡಿದ್ದೆವು.

ಪ್ರಬಂಧದ ಕೊನೆಯ ಅಂಕಣ "ನುಡಿಸುವವರು". ಏನು ಬರೆಯಬೇಕೆಂದು ಮೊಮ್ಮಗಳು ಕೇಳಿದಳು. ಜೋಗತಿ ಕಲೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದನ್ನೂ, 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದುದನ್ನೂ ನಾನು ನೆನಪಿಸಿದೆ. "ಟಿವ್ಯಾಗ ನೋಡೀನ್ರಿ. ಕಣ್ಣೀರು ಬಂತು" ಎಂದಳು ಆಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದಳು: "ಆದ್ರ ನನ್ನ ಹೆಸರು ಬರೀಬ್ಯಾಡ್ರಿ. ಮಗಳು ನರ್ಸಿಂಗ್ ಓದಾಕತ್ಯಾಳ. ಹಾಸ್ಟೆಲಿನ್ಯಾಗ ಗೊತ್ತಾದ್ರ ಹುಡಿಗ್ಯಾರು ಬ್ಯಾರೆ ಕಣ್ಣಿಲೆ ನೋಡತಾರ. ಅಕಿ ನೌಕರಿ ಹತ್ತಲಿ, ಆಮ್ಯಾಲೆ ಅಕಿನ ಬರೀತಾಳ." ಆದ್ದರಿಂದ ಆ ಅಂಕಣದಲ್ಲಿ "ದೊಡ್ಡಮ್ಮನಿಂದ ಕಲಿತ ಹಾಡುಗಾರ್ತಿ" ಎಂದಷ್ಟೇ ಬರೆದೆವು. ಇಲ್ಲಿಯೂ ನಾನು ಹೆಸರನ್ನು ಬರೆದಿಲ್ಲ.

ಹೊರಡುವಾಗ ಆಕೆ ಒಂದು ಬೇಡಿಕೆಯಿಟ್ಟಳು. ಹೊರರೂಪದ ಅಂದವಾದ ಚಿತ್ರವನ್ನಲ್ಲ, ಒಳಗಿನ ಚಿತ್ರದ ಒಂದು ಪ್ರತಿ ತನಗೆ ಬೇಕೆಂದಳು. ಚರ್ಮದ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಅದನ್ನು ನಾವು ಮೊದಲ ದಿನವೇ ಬರೆದಿದ್ದರೂ ಅದರ ಅರ್ಥವನ್ನು ಯೋಚಿಸಿರಲಿಲ್ಲ. ಚೌಡಿಕೆ ಕಟ್ಟಿಕೊಡುತ್ತಿದ್ದ ಮುದುಕ ತೀರಿಕೊಂಡಿದ್ದ. ಅವನ ಮಕ್ಕಳು ಬೇರೆ ಕೆಲಸ ಹಿಡಿದಿದ್ದರು. "ಇದು ಹರದ್ರ ಮತ್ತೊಂದು ಮಾಡಿಸೂದು ಹ್ಯಾಂಗ ಅಂತಿದ್ದೆ. ಈ ಹಾಳಿ ನೋಡಿ ಬಡಿಗ್ಯಾ ಮಾಡ್ಯಾನು?" ಎಂದು ಕೇಳಿದಳು.

ಚಿತ್ರಕಲೆಯ ಶಿಕ್ಷಕನಾಗಿ ಸಾವಿರಾರು ಚಿತ್ರಗಳಿಗೆ ನಾನು ಅಂಕ ಕೊಟ್ಟಿದ್ದೇನೆ. ನನ್ನ ಚಿತ್ರದಿಂದ ಒಂದು ವಸ್ತು ಉಳಿಯಬಹುದೇ ಎಂದು ಯಾರೂ ಕೇಳಿದ್ದಿಲ್ಲ. ಮನೆಗೆ ಬಂದು, ಅಳತೆಗೆ ಅಳತೆ ಸರಿಹೊಂದುವಂತೆ ಎರಡು ಹಾಳೆಗಳನ್ನು ಅಂಟಿಸಿ, ಕಪ್ಪು ಮಸಿಯಲ್ಲಿ ಛೇದನಚಿತ್ರವನ್ನು ಮತ್ತೆ ಬರೆದೆ. ಹನ್ನೆರಡು ತೂತುಗಳ ನಡುವಣ ಅಂತರ, ತೊಗಲಿನ ಬಿಲ್ಲೆಯ ಅಗಲ, ಬಿರಡೆಯ ಇಳಿಜಾರು, ಎಲ್ಲವನ್ನೂ ಗುರುತಿಸಿದೆ. ಕೈ ನಡುಗುವ ವಯಸ್ಸು. ನಾಲ್ಕು ಹಾಳೆಗಳು ಕೆಟ್ಟವು. ಐದನೆಯದು ಸರಿಬಂದಿತು.

ಅದನ್ನು ತೆಗೆದುಕೊಂಡು ಹೋಗಲು ಆಕೆ ಒಂದು ಶುಕ್ರವಾರ ಪಟ್ಟಣದ ನಮ್ಮ ಮನೆಗೆ ಬಂದಳು. ಹಾಳೆಯೊಡನೆ ಹೋಲಿಸಿ ನೋಡಲು ಚೌಡಿಕೆಯನ್ನೂ ತಂದಿದ್ದಳು. ನಮ್ಮ ಮನೆಯವರಿಗೆ ಮೊದಲಿನಿಂದಲೂ ಅಳುಕಿತ್ತು. "ಅದು ಹೊರಗಿನ ವಾದ್ಯ, ಮನೆಯೊಳಗೆ ಬರಬಾರದು ಎನ್ನುತ್ತಿದ್ದರು ಹಿರಿಯರು" ಎಂದು ಹಿಂದಿನ ರಾತ್ರಿಯೂ ಹೇಳಿದ್ದರು. ಆಕೆ ಬಂದವಳೇ ಹೊಸ್ತಿಲ ಹೊರಗೆ, ತನ್ನ ದೊಡ್ಡಮ್ಮ ನಿಲ್ಲುತ್ತಿದ್ದಂತೆಯೇ ಪಕ್ಕಕ್ಕೆ ಸರಿದು ನಿಂತಳು. ನಾನು ಏನು ಹೇಳಬೇಕೆಂದು ತಡವರಿಸುತ್ತಿರುವಾಗ ನಮ್ಮ ಮನೆಯವರು ಒಳಗಿನಿಂದ ಬಂದು, ಹೊರಗೆ ಹನಿಯುತ್ತಿದ್ದ ಮಳೆಯನ್ನು ನೋಡಿ, "ಒಳಗ ಬಾರವಾ, ಚರ್ಮ ತೊಯ್ತೈತಿ" ಎಂದರು. ಅಳುಕು ಹೋಗಿತ್ತೆಂದು ನಾನು ಹೇಳಲಾರೆ. ಆದರೆ ಚಾಪೆ ಹಾಸಿದ್ದು ಅವರೇ.

ತೇವಕ್ಕೆ ಚರ್ಮ ಸಡಿಲಾಗಿತ್ತು. ಅಡಿಗೆಮನೆಯ ಒಲೆಯ ಬಳಿ ಅದನ್ನು ಸ್ವಲ್ಪ ಹೊತ್ತು ಕಾಯಿಸಿ, ಬಿರಡೆ ತಿರುವಿ, ಆಕೆ ಒಂದು ಪದವನ್ನು ಹಾಡಿದಳು. ಮೊಮ್ಮಗಳು ಎದುರಿಗೆ ಕುಳಿತು, ತೆರೆದ ಬಾಯಿಯೊಳಗೆ ತಂತಿ ನಡುಗುವುದನ್ನು ನೋಡುತ್ತಿದ್ದಳು.

ಅವಳ ಪ್ರಬಂಧಕ್ಕೆ ಶಾಲೆಯಲ್ಲಿ ಸಾಧಾರಣ ಅಂಕಗಳು ಬಂದವು. ಚಿತ್ರದ ಬದಲು ಬಣ್ಣದ ಫೋಟೋ ಅಂಟಿಸಬಹುದಿತ್ತೆಂದು ಅಂಚಿನಲ್ಲಿ ಷರಾ ಬರೆದಿದ್ದರು. ಅವಳು ನನಗೆ ಫೋನಿನಲ್ಲಿ ಅದನ್ನು ಓದಿ ಹೇಳಿ ನಕ್ಕಳು.

ನಮ್ಮ ಪಟ್ಟಣದ ಬಡಿಗರೊಬ್ಬರು ಆ ಹಾಳೆಯನ್ನು ನೋಡಿ ಹೊಸ ಹೊಟ್ಟೆಯೊಂದನ್ನು ಕಡೆದುಕೊಟ್ಟಿದ್ದಾರೆ. ಅಳತೆ ಸರಿಯಾಗಿದೆಯೆಂದು ಆಕೆ ಒಪ್ಪಿದ್ದಾಳೆ. ಆದರೆ ಆಡಿನ ಚರ್ಮವನ್ನು ಹದಮಾಡಿ ಬಳೆಗೆ ಕಟ್ಟುವವರು ನಮ್ಮ ಸುತ್ತಿನಲ್ಲಿ ಇನ್ನೂ ಸಿಕ್ಕಿಲ್ಲ. ಆ ಕಾಯಕವನ್ನು ಬಲ್ಲವರು ಯಾರಾದರೂ ಓದುಗರಿಗೆ ಪರಿಚಿತರಿದ್ದರೆ ಸಂಪಾದಕರ ಮೂಲಕ ದಯವಿಟ್ಟು ತಿಳಿಸಬೇಕೆಂದು ವಿನಂತಿ. ಹಳೆಯ ಚರ್ಮದ ಸೀಳು ಈಗ ಅರ್ಧ ಬೆರಳಿನಷ್ಟಾಗಿದೆ.